ಗೌರಕ್ಕ ಕೂರುವ ಜಾಗ

ಮಧುಗಿರಿಯಲ್ಲಿ ಕೊಡಿಗೇನಹಳ್ಳಿ ಬಸ್ಸು ನಿಲ್ಲುವ ಮೂಲೆ ಹನ್ನೆರಡು ವರ್ಷದ ಹಿಂದೆ ಬರೀ ತಿಪ್ಪೆ. ಮೂಗು ಮುಚ್ಚದೆ ದಾಟಿದವರಿಲ್ಲ. ಬೇಯಿಸಿದ ಕಡ್ಲೆಕಾಯಿ ಮಾರಲು ಬಂದ ಗೌರಕ್ಕ ಕುರಿ ಸಾಕುವ ಮನೆಯವಳು, ಕುರಿ ಕೂಡುವ ರೊಪ್ಪ ಗುಡಿಸಿ ಬೆಳೆದ ಕೈ. ತಾನೇ ಬಳಿದು ಎತ್ತಿದಳು. ಅಂದಿನಿಂದ ದಿನಾ ಬೆಳಿಗ್ಗೆ ಸಗಣಿ ನೀರು ಚಿಮುಕಿಸಿ, ರಂಗೋಲಿ ಬಿಟ್ಟು, ಆಮೇಲೇ ಕುಕ್ಕೆ ಇಳಿಸುವುದು. ಸಿಪ್ಪೆ ನೆಲಕ್ಕೆ ಬಿತ್ತೋ, ಗಿರಾಕಿಯ ಕಥೆ ಮುಗೀತು. ಪಕ್ಕದಲ್ಲಿಟ್ಟ ಮಂಕರಿ ಬುಟ್ಟಿಯೊಳಗೇ ಹಾಕಿಸುವಳು; ಸಂಜೆಗೆ ಅದು ಮನೆಯ ಮೇಕೆಗಳ ಪಾಲು.

ಇಂಥವಳನ್ನೂ ಎಬ್ಬಿಸಿದರು ನೋಡಿ! ಊರು ಚೊಕ್ಕಟವಾಗಬೇಕು, ರಸ್ತೆಬದಿಯವರೆಲ್ಲ ಸಂತೆ ಮೈದಾನದ ಹಿಂದಿನ ಸಾಲಿಗೆ ಹೋಗಬೇಕು ಅಂತ ಪುರಸಭೆಯಿಂದ ಹುಕುಂ ಬಂತು. ಹೇಳಲು ಬಂದವನು ಆರೋಗ್ಯ ನಿರೀಕ್ಷಕ ರೇಣುಕಪ್ರಸಾದ್. ಕೆಟ್ಟವನಲ್ಲ, ಪಾಪ. ಫೋಟೋ ಅಂಟಿಸಿದ ಕಾರ್ಡು ಕೊಟ್ಟು, ಹದಿನಾಲ್ಕನೇ ಕಟ್ಟೆ ನಿಮ್ಮದು, ನೆರಳಿದೆ, ನಲ್ಲಿಯಿದೆ ಅಂದ. ಎರಡೂ ನಿಜವೇ. ಆದರೆ ಬಸ್ಸಿಲ್ಲವಲ್ಲ! ಬಸ್ಸು ಕಾಯುವವನಿಗಲ್ಲವೇ ಕಡ್ಲೆಕಾಯಿ ನೆನಪಾಗುವುದು? ಹತ್ತು ದಿನ ಕೂತಳು. ಕಡ್ಲೆಕಾಯಿ ಸಿಪ್ಪೆ ಸಮೇತ ಮೇಕೆಗೇ ಹೋಯಿತು. ಇನ್ನೊಂದು ತಿಂಗಳು ಹೀಗಾದರೆ ಮನೆಯ ಒಲೆ ಆರುವುದೇ ಸೈ ಅಂತ ಅವಳಿಗೆ ದಿಗಿಲು ಹತ್ತಿತು.

ಹನ್ನೊಂದನೇ ದಿನ ರೇಣುಕಪ್ರಸಾದನೇ ಕಟ್ಟೆ ಹತ್ತಿರ ಬಂದು ತಲೆ ಕೆರೆದುಕೊಂಡ. ಆ ಮೂಲೆಗೆ ಜನ ಮತ್ತೆ ಕಸ ಸುರಿಯುತ್ತಿದ್ದಾರಂತೆ, ದಿನಾ ಎತ್ತಿಸಿದರೂ ನಿಲ್ಲುತ್ತಿಲ್ಲವಂತೆ, ಶುಕ್ರವಾರ ಮೇಲಿನವರು ನೋಡಲು ಬರುತ್ತಾರಂತೆ. ನಾಳೆಯಿಂದ ಬೆಳಿಗ್ಗೆ ಬಂದು ಗುಡಿಸಿ ರಂಗೋಲಿ ಹಾಕಿ ಹೋಗುತ್ತೀರಾ, ಕೂಲಿ ಕೊಡಿಸುತ್ತೇನೆ, ಕೂರುವುದು ಮಾತ್ರ ಬೇಡ ಅಂದ.

ಗೌರಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಕೊಳಕಾಗುತ್ತೆ ಅಂತ ಎಬ್ಬಿಸಿದವರೇ ಚೊಕ್ಕ ಮಾಡಲು ಕರೆಯುತ್ತಾರಲ್ಲ, ಇದ್ಯಾವ ನ್ಯಾಯ? ಬೈಯಬೇಕೋ ಖುಷಿಪಡಬೇಕೋ ಗೊತ್ತಾಗದೆ ಹೂಂ ಅಂದುಬಿಟ್ಟಳು. ಗುರುವಾರ ಬೆಳಿಗ್ಗೆ ಬಂದು ಗುಡಿಸಿ, ನೀರು ಹಾಕಿ, ಮೂಲೆಯ ಗೋಡೆಯ ಬುಡದುದ್ದಕ್ಕೂ ರಂಗೋಲಿ ಬಿಟ್ಟಳು. ಎದ್ದು ನೋಡಿದರೆ, ಅಯ್ಯೋ ಶಿವನೇ, ನಡುವೆ ಗೋಣಿಚೀಲದಗಲ ಜಾಗ ಖಾಲಿ. ತಾನು ಕೂರುವ ಜಾಗ. ತುಳಿಯಬಾರದೆಂದು ಅಲ್ಲಿ ಅವಳು ಎಂದೂ ರಂಗೋಲಿ ಬಿಟ್ಟವಳಲ್ಲ. ಹನ್ನೆರಡು ವರ್ಷದ ರೂಢಿ, ಕೈ ತಾನಾಗೇ ತಪ್ಪಿಸಿಕೊಂಡು ಹೋಗಿತ್ತು. ತುಂಬಲು ಮನಸ್ಸು ಬರಲಿಲ್ಲ. ಹಾಗೇ ಕಟ್ಟೆಗೆ ಹೋದಳು.

ಶುಕ್ರವಾರ ಬಂದು ನೋಡುತ್ತಾಳೆ, ರಂಗೋಲಿ ಒಂದೆಳೆಯೂ ಅಳಿಸಿಲ್ಲ. ಅದರ ಮೇಲೆ ಯಾರೂ ಕಸ ಹಾಕಿಲ್ಲ. ಆ ಖಾಲಿ ಜಾಗದಲ್ಲಿ ಮಾತ್ರ ಕಸದ ಕರಿ ಕವರೊಂದನ್ನು ಗಂಟು ಕಟ್ಟಿ ಇಟ್ಟಿದ್ದರು.

ಗೌರಕ್ಕ ಕವರು ಪಕ್ಕಕ್ಕಿಟ್ಟು, ನೆಲ ಒರೆಸಿ, ಕುಕ್ಕೆ ಇಳಿಸಿ ಕೂತಳು. ಅಷ್ಟರಲ್ಲಿ ರೇಣುಕಪ್ರಸಾದನ ಬೈಕು ಬಂತು.

“ಗೌರಕ್ಕ, ಕೂರೋ ಹಾಗಿಲ್ಲ ಅಂತ ಹೇಳಿದ್ನಲ್ಲ.”

ಅವಳು ಕವರು ತೋರಿಸಿದಳು. ಕೊಂಕಿಗಲ್ಲ, ನಿಜಕ್ಕೂ ತಿಳಿಯದೆ ಕೇಳಿದಳು: “ನಾನೆದ್ರೆ ಇದು ಬಂದು ಕೂತ್ಕಂತದೆ ಸ್ವಾಮಿ. ಇಬ್ರಲ್ಲಿ ಯಾರು ಕೂತ್ಕಬೇಕು, ನೀವೇ ಹೇಳ್ಬುಡಿ.”

ಅವನು ಕವರು ನೋಡಿದ, ಅವಳನ್ನು ನೋಡಿದ. ಕೊನೆಗೆ, ಮೇಲಿನವರು ಬರೋ ಮೊದಲು ಫೋಟೋ ಕಳಿಸಬೇಕು, ಒಂಚೂರು ಸರಿಯಿರಿ ಅಂದ. ಅವಳು ಕುಕ್ಕೆ ಎತ್ತಿಕೊಂಡು ಸರಿದಳು. ಬರೀ ರಂಗೋಲಿಯ ಫೋಟೋ ತೆಗೆದುಕೊಂಡು, ಕಸದ ಕವರನ್ನು ತಾನೇ ಬೈಕಿಗೆ ಸಿಕ್ಕಿಸಿಕೊಂಡು ಹೊರಟ. ಇರಿ ಅನ್ನಲಿಲ್ಲ, ಏಳಿ ಅನ್ನಲಿಲ್ಲ.

ಕೊಡಿಗೇನಹಳ್ಳಿ ಬಸ್ಸು ಬಂತು. ಕೂರಲೋ ಹೋಗಲೋ ತಿಳಿಯದೆ ಗೌರಕ್ಕ ಒಂದು ಗಳಿಗೆ ಕುಕ್ಕೆ ಹಿಡಿದು ನಿಂತೇ ಇದ್ದಳು. ಆಮೇಲೆ ರಂಗೋಲಿ ತುಳಿಯದಂತೆ ದಾಟಿ ಹೋಗಿ ತನ್ನ ಜಾಗದಲ್ಲಿ ಕೂತಳು.