ಕೆಂಪೆಲೆಯ ಗಿಡ ಮತ್ತು ದೇವರ ಕೊಡ

ಕಳ್ಳತನ ಮಾಡುವಾಗಲೂ ನಾನು ಮಡಿ ಬಿಟ್ಟವಳಲ್ಲ. ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ದೇವರ ಕೋಣೆಗೆ ಹೋಗಿ ಕದ್ದೆ. ಕದ್ದದ್ದು ನೀರು, ಅದೂ ಒಂದು ಗಿಡಕ್ಕಾಗಿ.

ಚಿತ್ತಾಪುರದ ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುವ ಗೆಳತಿ ಚಿಂಚೋಳಿ ಕಡೆಯವಳು. ಒಂದು ಸೋಮವಾರ ಅವಳು ಗೇಣುದ್ದದ ಕಾಂಡದ ತುಂಡನ್ನೂ ಅರ್ಧ ಸಿಮೆಂಟ್ ಚೀಲ ಕೆಂಪು ಮಣ್ಣನ್ನೂ ತಂದುಕೊಟ್ಟಳು. ಕಾರ್ಡಿಲೈನ್ ಅಂತೆ ಹೆಸರು. "ನಿಮ್ಮ ಕರಿಮಣ್ಣಾಗ ಹಚ್ಚಬ್ಯಾಡ, ನೀರು ನಿಂತು ಬೇರು ಕೊಳೀತದ" ಎಂದಳು. ತುಂಡನ್ನು ಕುಂಡದಲ್ಲಿ ಅಡ್ಡ ಮಲಗಿಸಿ, ಅರ್ಧದಷ್ಟು ಮಾತ್ರ ಮಣ್ಣು ಮುಚ್ಚಿದೆ. ತಿಂಗಳಿಗೆಲ್ಲ ಚಿಗುರು ಕಣ್ಣು ಬಿಟ್ಟಿತು. ವರ್ಷದೊಳಗೆ ಮೊಣಕಾಲೆತ್ತರಕ್ಕೆ ಬಂದು, ನೇರಳೆ ಕೆಂಪಿನ ಉದ್ದುದ್ದ ಎಲೆಗಳನ್ನು ಬಿಚ್ಚಿತು. ಶಹಾಬಾದಿನ ನಮ್ಮ ಮನೆಯ ಅಂಗಳದಲ್ಲಿ ಹಾಸುಗಲ್ಲಿನ ಬೂದು ಬಣ್ಣ ಬಿಟ್ಟರೆ ಬೇರೇನೂ ಇರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಆ ಅಂಗಳದಲ್ಲಿ ನನ್ನದು ಅಂತ ಒಂದು ವಸ್ತು ಬಂದಿತ್ತು.

ಮಾವನವರಿಗೆ ಅದು ಹಿಡಿಸಲಿಲ್ಲ. ಕಚೇರಿಯಿಂದ ನಿವೃತ್ತರಾದ ಮೇಲೆ ಅವರಿಗೆ ದೇವರ ಪೂಜೆಯೇ ನೌಕರಿ. "ಹೂವಿಲ್ಲ, ಹಣ್ಣಿಲ್ಲ. ಏನು ಫಾಯ್ದಾ? ನಿನ್ನ ಈ ಕೆಂಪು ಜ್ವಾಳಕ್ಕ ತೆನಿ ಯಾವಾಗ ಬರ್ತಾವಮ್ಮ?" ಎಂದು ದಿನಾ ಕೆಣಕುತ್ತಿದ್ದರು.

ಬೇಸಿಗೆ ಬಂತು. ಎಲೆಗಳ ತುದಿ ಸುಟ್ಟು ಕಂದು ಬಣ್ಣಕ್ಕೆ ತಿರುಗತೊಡಗಿತು. ಕುಂಡವನ್ನು ಕಾದ ಕಲ್ಲಿನಿಂದೆತ್ತಿ ಇಟ್ಟಿಗೆಯ ಮೇಲಿಟ್ಟೆ, ನೆರಳಿಗೆ ಸರಿಸಿದೆ, ಎಲೆಯ ಧೂಳನ್ನು ಹಳೇ ಧೋತರದಿಂದ ಒರೆಸಿದೆ. ಏನೂ ಆಗಲಿಲ್ಲ. ಮಾವನವರು ಒಂದು ದಿನ ನಿಂತು ನೋಡಿ, "ಯುಗಾದಿ ತನಕ ನೋಡ್ತೀನಿ. ಸುಧಾರಿಸಲಿಲ್ಲಂದ್ರ ಕಿತ್ತು ಒಗೆದು, ಆ ಕುಂಡದಾಗ ತುಳಸಿ ಹಚ್ಚೂಣು" ಎಂದರು. ತುಳಸಿಗೆ ಇಲ್ಲ ಅನ್ನುವ ಧೈರ್ಯ ಯಾವ ಸೊಸೆಗಿದೆ? ನನಗೆ ಅಳುವೇ ಬಂತು.

ಗೆಳತಿಯನ್ನು ಕೇಳಿದೆ. "ಬೋರಿನ ಸವಳು ನೀರು ಹಾಕ್ಲಿಕತ್ತಿದಿ, ಆ ಉಪ್ಪಿಗೆ ತುದಿ ಸುಡ್ತಾವ. ಮಳಿ ನೀರು ಇಲ್ಲಾ ಹೊಳಿ ನೀರು ಹಾಕು" ಎಂದಳು.

ಹೊಳೆಯ ನೀರು ನಮ್ಮ ಮನೆಗೆ ದಿನಾ ಬರುತ್ತಿತ್ತು, ಒಂದೇ ಒಂದು ಕೊಡ. ಮಾವನವರು ಮುಂಜಾನೆ ಸ್ಕೂಟರಿನ ಮೇಲೆ ಹೋಗಿ ಕಾಗಿಣಾ ಹೊಳೆಯಿಂದ ದೇವರಿಗೆಂದು ತರುತ್ತಿದ್ದರು. ತಂದಿಟ್ಟು, ಹಿತ್ತಲಿಗೆ ಹೂ ಬಿಡಿಸಲು ಹೋಗುವರು. ಆ ಹತ್ತು ನಿಮಿಷ ನನ್ನದಾಯಿತು. ಎರಡು ತಂಬಿಗೆ ತೆಗೆಯುವುದು, ಎರಡು ತಂಬಿಗೆ ಬೋರಿನ ನೀರು ಸುರಿದು ಕೊಡದ ಲೆಕ್ಕ ಸರಿಮಾಡುವುದು. ಮೊದಲ ದಿನ ಹಿತ್ತಲ ಬಾಗಿಲ ಮೇಲೇ ಕಣ್ಣಿಟ್ಟು ಕದ್ದೆ. ನಾಲ್ಕನೇ ದಿನದಿಂದ ಹಾಡು ಗುನುಗುತ್ತ ಕದ್ದೆ.

ಹೊಸ ಎಲೆ ಬಂತು. ತಿಳಿ ಗುಲಾಬಿ ಬಣ್ಣ, ತುದಿ ಸ್ವಚ್ಛ. ನನಗೆ ಆಸೆ ಹೆಚ್ಚಿ, ಎರಡು ತಂಬಿಗೆ ಅರ್ಧ ಕೊಡವಾಯಿತು. ಮಾವನವರೂ ಗಿಡದ ಮುಂದೆ ನಿಂತು, "ಭಾಳ ಚಲೋ ಬಂದದಲ್ಲ" ಎಂದರು. ನಾನು ಬೀಗಿದೆ.

ಯುಗಾದಿಯ ದಿನ ಪೂಜೆ ಮುಗಿಸಿ ತೀರ್ಥಕ್ಕೆ ಕರೆದರು. ಅಂಗೈಗೆ ಒಂದು ಉದ್ಧರಣೆ ಹಾಕಿ ನನ್ನ ಮುಖವನ್ನೇ ನೋಡಿದರು. ಕುಡಿದೆ. ಇನ್ನೊಂದು ಹಾಕಿದರು. ಮೂರನೆಯದು.

"ರುಚಿ ಹ್ಯಾಂಗದ?"

"ಚಲೋ ಅದರಿ, ಮಾವಾರ."

"ಸವಳು ಅನಸಲಿಲ್ಲ?"

"ಬ್ಯಾಸಗಿ ಅಲ್ಲರಿ, ಹೊಳಿ ಬತ್ತ್ಯದ..."

ಅವರು ಉದ್ಧರಣೆಯನ್ನು ಕೆಳಗಿಟ್ಟರು. "ದೇವರಿಗೆ ಸವಳು ನೀರು ನಡೀತದಮ್ಮ. ಅವನ ತುದಿ ಏನು ಸುಡಂಗಿಲ್ಲ. ಆದ್ರ ತೀರ್ಥ ಕುಡಿಯಾಂವ ನಾನು. ಹದಿನೈದು ದಿನದಿಂದ ಕುಡೀಲಿಕತ್ತೀನಿ."

ನನಗೆ ನಾಚಿಕೆಯಾಯಿತು, ನಗು ತಡೆಯಲೂ ಆಗಲಿಲ್ಲ. ಎರಡೂ ಒಟ್ಟಿಗೆ ಬಂದಾಗ ಮುಖ ಎಲ್ಲಿಡಬೇಕೋ ತಿಳಿಯದೆ ನಮಸ್ಕಾರ ಮಾಡುವ ನೆಪದಲ್ಲಿ ಬಗ್ಗಿಬಿಟ್ಟೆ. ಗಿಡ ಕಿತ್ತುಹಾಕುವ ಮಾತು ಬರುತ್ತದೆಂದು ಕಾದೆ.

"ಏಳು. ನಾಳೆ ಮುಂಜಾನೆ ನನ್ನ ಜೋಡಿ ಬಾ, ನಿಂದೊಂದು ಕೊಡ ತಗೊಂಡು" ಎಂದರು.

ಮರುದಿನ ಹೊಳೆಯಲ್ಲಿ ಎರಡೂ ಕೊಡ ತುಂಬಿದೆವು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವರ ಸ್ಕೂಟರಿನ ಹಿಂದೆ ಕುಳಿತಿದ್ದೆ. ಅವರು ಕಾಲ ಬಳಿ ದೇವರ ಕೊಡವನ್ನಿಟ್ಟುಕೊಂಡು, ಹಿಂದೆ ತಿರುಗದೆಯೇ ಹೇಳಿದರು: "ನಿಂದು ನಿನ್ನ ತೊಡಿಮ್ಯಾಲೇ ಇರ್ಲಿ. ಇದರ ಹತ್ರ ತರಬ್ಯಾಡ, ಮತ್ತ ಎರಡೂ ನೀರು ಕಲೆತಾವು."