ಹೊರತುಪಡಿಸಿ ಮೇಷ್ಟ್ರು

ನಂಜುಂಡಯ್ಯ ಮೇಷ್ಟ್ರು ಯಾವ ಕಾಗದವನ್ನೂ ಮೇಲಿನಿಂದ ಓದುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, 'ಹೊರತುಪಡಿಸಿ' ಎಂಬ ಪದ ಎಲ್ಲಿದೆ ಎಂದು ಹುಡುಕುತ್ತಿದ್ದರು. ಸಿಕ್ಕಿತೋ, ಜೇಬಿನಿಂದ ಕೆಂಪು ಪೆನ್ನು ತೆಗೆದು ಅದರ ಸುತ್ತ ಒಂದು ಸೊನ್ನೆ ಸುತ್ತಿ, ಪಕ್ಕದಲ್ಲಿ 'ಇನ್ನೇನು ಉಳೀತು?' ಎಂದು ಬರೆಯುತ್ತಿದ್ದರು. ಆ ಪೆನ್ನು ಸೋರಿ ಸೋರಿ ಅವರ ಅಂಗಿಗಳೆಲ್ಲ ಎದೆಯ ಹತ್ತಿರ ಕೆಂಪಾಗಿದ್ದವು. ಒಮ್ಮೆ ಡಾಕ್ಟರು 'ಎಲ್ಲ ತಿನ್ನಬಹುದು. ಅನ್ನ, ಸಿಹಿ, ಕರಿದದ್ದು ಹೊರತುಪಡಿಸಿ' ಎಂದು ಬರೆದುಕೊಟ್ಟ ಚೀಟಿಗೂ ಸೊನ್ನೆ ಸುತ್ತಿ ಅವರ ಕೈಗೇ ವಾಪಸು ಕೊಟ್ಟಿದ್ದರು. "ಇನ್ನೇನು ಉಳೀತು ಡಾಕ್ಟ್ರೇ, ತಟ್ಟೆ ತಿನ್ಲಾ?"

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಅವರದು ಮೂಲೆಮನೆ. ಬೆಳಿಗ್ಗೆ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ, ಸಂಜೆ ವಠಾರದ ತಾರಸಿಯ ಮೇಲೆ ನಮಗೆಲ್ಲ ಪುಕ್ಕಟೆ ಪಾಠ. ನಾನು ಎಸ್ಸೆಸ್ಸೆಲ್ಸಿ ದಾಟಿದ್ದೇ ಆ ತಾರಸಿಯ ಪುಣ್ಯದಿಂದ. ಅವರಿಗೆ ಆ ಪದದ ಹುಚ್ಚು ಹಿಡಿದದ್ದು ಜರ್ಮನಿಯಿಂದ.

"ಕೇಳ್ರೋ, ಎರಡನೇ ಮಹಾಯುದ್ಧ ಮುಗೀತು. ಜರ್ಮನಿ ಸೋತು ಸುಣ್ಣ ಆಗಿತ್ತು. ಗೆದ್ದೋರು ಪಶ್ಚಿಮದ ಕಡೆಯೋರಿಗೆ ಏನಂದ್ರು ಗೊತ್ತಾ? ಹೊಸ ಸರ್ಕಾರ ನೀವೇ ಮಾಡ್ಕೊಳ್ರಪ್ಪಾ. ಎಲೆಕ್ಷನ್ ನಿಮ್ದು, ಪಾರ್ಲಿಮೆಂಟ್ ನಿಮ್ದು, ಪ್ರಧಾನೀನೂ ನಿಮ್ಮೋನೇ. ಸೈನ್ಯ, ವಿದೇಶಾಂಗ, ಹೊರದೇಶದ ವ್ಯಾಪಾರ ಹೊರತುಪಡಿಸಿ. ನೀವು ಮಾಡಿದ ಕಾನೂನು ನಮಗೆ ಹಿಡಿಸ್ಲಿಲ್ವಾ, ಅದೂ ಹೊರತುಪಡಿಸಿ!"

ಆಮೇಲೆ ಅವರ ಪ್ರೀತಿಯ ಕಥೆ ಬರುತ್ತಿತ್ತು. ಆ ಅಧಿಕಾರದ ಕಾಗದ ಕೊಡುವ ದಿನ ಗೆದ್ದ ಮೂರು ದೇಶದವರು ರತ್ನಗಂಬಳಿಯ ಮೇಲೆ ನಿಂತಿದ್ದರಂತೆ. ಸೋತವರು ಗಂಬಳಿಯಿಂದಾಚೆ ನಿಲ್ಲಬೇಕು. ಎಪ್ಪತ್ತು ದಾಟಿದ ಹೊಸ ಪ್ರಧಾನಿ ಸೀದಾ ನಡೆದುಬಂದು ಗಂಬಳಿಯ ಮೇಲೆ ಕಾಲಿಟ್ಟನಂತೆ. ಮೇಷ್ಟ್ರು ಚಾಪೆಯ ಮೇಲೆ ಧಡ್ ಎಂದು ಕಾಲಿಟ್ಟು ತೋರಿಸುತ್ತಿದ್ದರು. "ಕೇಳ್ಕೊಂಡು ಇಟ್ನಾ? ಇಲ್ಲ. ಇಟ್ಟ, ಅಷ್ಟೆ."

ವರ್ಷಗಳ ಮೇಲೆ ನಮ್ಮ ವಠಾರದ ಮೇಲೆ ಒಬ್ಬ ಬಿಲ್ಡರನ ಕಣ್ಣು ಬಿತ್ತು. ಕೋರ್ಟಿಗೆ ಹೋದೆವು, ಸೋತೆವು. ರಾಜಿಯಲ್ಲಿ ಹಳೆಯ ಮನೆಗೊಂದರಂತೆ ಫ್ಲ್ಯಾಟ್ ಸಿಕ್ಕಿತು. ಕಟ್ಟಡ ಎದ್ದ ಮೇಲೆ ಬಿಲ್ಡರ್ ಕೈಮುಗಿದು ಬಂದ. "ಅಸೋಸಿಯೇಷನ್ ಮಾಡ್ಕೊಳ್ಳಿ ಸಾರ್. ಇನ್ಮೇಲೆ ಎಲ್ಲಾ ನಿಮ್ದೇ, ನಾನ್ಯಾರು?" ಮೇಷ್ಟ್ರು ಅವಿರೋಧವಾಗಿ ಅಧ್ಯಕ್ಷರಾದರು, ನಾನು ಕಾರ್ಯದರ್ಶಿ. ಅವರಿಗೆ ಇದ್ದ ಆಸೆ ಒಂದೇ. ತಾರಸಿ ಸಿಕ್ಕರೆ ಸಂಜೆ ಪಾಠ ಮತ್ತೆ ಶುರು ಮಾಡಬೇಕು.

ಹಸ್ತಾಂತರದ ದಿನ ಬಿಲ್ಡರ್ ಮತ್ತು ಅವನ ಗಣ್ಯರಿಗೆ ಕೆಂಪು ಜಮಖಾನ, ಕುರ್ಚಿ. ನಮಗೆ ಬರಿಯ ಟೈಲ್ಸು. ಕಾಗದವನ್ನು ಮೈಕಿನಲ್ಲಿ ಓದಿದರು: 'ಕಟ್ಟಡದ ಸಂಪೂರ್ಣ ಅಧಿಕಾರವನ್ನು ಸಂಘಕ್ಕೆ ಒಪ್ಪಿಸಲಾಗಿದೆ, ಮೋಟರ್ ಕೋಣೆ, ಲಿಫ್ಟ್, ಗೇಟು ಮತ್ತು ತಾರಸಿಯನ್ನು ಹೊರತುಪಡಿಸಿ.' ನಾನು ಮೇಷ್ಟ್ರ ಮುಖ ನೋಡಿದೆ. ಅವರು ಚಪ್ಪಲಿ ಬಿಟ್ಟು, ನಡೆದುಹೋಗಿ, ಜಮಖಾನದ ಮೇಲೆ ಧಡ್ ಎಂದು ಕಾಲಿಟ್ಟರು. ಕಾಗದ ಕಿತ್ತುಕೊಂಡು ಎಲ್ಲರೆದುರಿಗೇ ಸೊನ್ನೆ ಸುತ್ತಿದರು. ಮೈಕಿನಲ್ಲೇ ಕೇಳಿದರು, "ಇನ್ನೇನು ಉಳೀತು?" ಬಿಲ್ಡರ್ ಸ್ವಲ್ಪವೂ ಬೇಜಾರಾಗದೆ ನಗುತ್ತ, "ನೋಟಿಸ್ ಬೋರ್ಡು ಪೂರ್ತಿ ನಿಮ್ದೇ ಸಾರ್" ಎಂದ. ಅಷ್ಟೇ ಅಲ್ಲ, ಅವರಿಗೊಂದು ಶಾಲು ಹೊದಿಸಿ ಫೋಟೋ ಹೊಡೆಸಿಕೊಂಡ. ಬೀಗದ ಕೈ ಮಾತ್ರ ಅವನ ಜೇಬಿನಲ್ಲೇ ಉಳಿಯಿತು.

ಆಮೇಲೆ ಎರಡು ವರ್ಷ ಮೇಷ್ಟ್ರು ಮೆಟ್ಟಿಲ ಮೇಲೆ ಪಾಠ ಮಾಡಿದರು. ಯಾರಾದರೂ ಹತ್ತಿ ಬಂದರೆ ಮಕ್ಕಳೆಲ್ಲ ಮೊಣಕಾಲು ಮಡಚಿ ಗೋಡೆಗೆ ಒರಗಬೇಕು. ತಾರಸಿ ಬಿಟ್ಟುಕೊಡಿ ಎಂದು ಪ್ರತಿ ಸೋಮವಾರ ಬಿಲ್ಡರಿಗೆ ಒಂದು ಅರ್ಜಿ. ನಾನು ಅದನ್ನು ಟೈಪ್ ಮಾಡುತ್ತ ಒಳಗೊಳಗೇ ನಗುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕೊನೆಯ ಸಲ ಕಂಡದ್ದು ಆಸ್ಪತ್ರೆಯಲ್ಲಿ. ಮೈ ಇಳಿದುಹೋಗಿತ್ತು. "ತಾರಸಿ ಬೀಗದ ಕೈ ಬಂತೇನೋ?"

"ಬರುತ್ತೆ ಸಾರ್."

"ಬಂದ್ರೆ ಮೊದ್ಲು ಮಕ್ಕಳನ್ನ ಮೇಲಕ್ಕೆ ಕಳ್ಸು. ಮಿಕ್ಕಿದ್ದು ಆಮೇಲೆ."

ಅವರು ಹೋಗಿ ಮೂರು ತಿಂಗಳಿಗೆ ಬೀಗದ ಕೈ ಬಂತು. ಅಷ್ಟರಲ್ಲಿ ಅಧ್ಯಕ್ಷ ನಾನೇ. ತೆಗೆದುಕೊಂಡಾಗ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಮಕ್ಕಳು ಒಂದೇ ವಾರ ಮೇಲೆ ಹೋದರು. ಮೇಲಿನ ಮಹಡಿಯವರು ತಲೆಯ ಮೇಲೆ ದಡಬಡ ಸದ್ದು, ಸಂಜೆ ಟೀವಿ ಕೇಳಿಸೋಲ್ಲ ಎಂದು ದೂರು ಕೊಟ್ಟರು. ಅಧ್ಯಕ್ಷನಾದವನು ಎಲ್ಲರನ್ನೂ ಸಂಭಾಳಿಸಬೇಕಲ್ಲ! ಕೂತು ಒಂದು ನೋಟಿಸು ಟೈಪ್ ಮಾಡಿ, ಪೂರ್ತಿ ನಮ್ಮದೇ ಆದ ಬೋರ್ಡಿನ ಮೇಲೆ ಅಂಟಿಸಿದೆ: 'ತಾರಸಿಯು ಇನ್ನು ಮುಂದೆ ಸಮಸ್ತ ನಿವಾಸಿಗಳಿಗೂ ಮುಕ್ತವಾಗಿರುತ್ತದೆ, ಮಕ್ಕಳನ್ನು ಹೊರತುಪಡಿಸಿ.'

ಬರೆದದ್ದು ಏನೆಂದು ನನಗೆ ಹೊಳೆಯಲೇ ಇಲ್ಲ, ದೇವರಾಣೆ.

ಬೆಳಿಗ್ಗೆ ಹಾಲು ತರಲು ಇಳಿದಾಗ ನೋಡಿದೆ. ಆ ಒಂದು ಪದದ ಸುತ್ತ ಕೆಂಪು ಸೊನ್ನೆ. ಪಕ್ಕದಲ್ಲಿ ಸೊಟ್ಟಂಬಟ್ಟ ಅಕ್ಷರದಲ್ಲಿ ಯಾರೋ ಬರೆದಿದ್ದರು: 'ಇನ್ನೇನು ಉಳೀತು ಅಂಕಲ್?'