ಸೆಲೂನಣ್ಣನ ಸೂರ್ಯೋದಯ

ನಮ್ಮ ಬೀದಿಯ ಸೆಲೂನಣ್ಣನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಕಥೆ ಬರೆಯುವ ಹುಚ್ಚು ಹತ್ತಿತು. ಮೂವತ್ತು ವರ್ಷ ಗಿರಾಕಿಗಳ ಕಥೆ ಕೇಳುತ್ತಲೇ ಕೂದಲು ಕತ್ತರಿಸಿದವನು. ಕಿವಿ ತುಂಬಿ ಬಾಯಿಗೆ ಬಂದಿರಬೇಕು. ಓಡಿಹೋದ ಹೆಂಡತಿಯನ್ನು ಹುಡುಕಿ ಹೊರಟ ಸೇತುವೆ ಕಾವಲುಗಾರನ ಕಥೆ ಅದು. ಸೂರ್ಯೋದಯದಿಂದ ಶುರುವಾಗುವ ನಲವತ್ತು ಪುಟವೂ ಬಾಯಿಪಾಠ. ಕುರ್ಚಿಯಲ್ಲಿ ಕೂತವರ ಗಡ್ಡಕ್ಕೆ ನೊರೆ ಹಚ್ಚಿ, ಕತ್ತಿ ಕೈಗೆತ್ತಿಕೊಂಡು ಶುರುಮಾಡುತ್ತಿದ್ದ. ಹೇಗಿದೆ ಎಂದು ಕೇಳಿದರೆ ಬ್ಯಾಂಕಿನ ಗುಮಾಸ್ತರು ಅದ್ಭುತ ಎಂದರು. ಗಣಿತದ ಮೇಷ್ಟ್ರು ತಲೆ ಅಲ್ಲಾಡಿಸುವ ಧೈರ್ಯವಿಲ್ಲದೆ ಕಣ್ಣಲ್ಲೇ ಹೌದೆಂದರು.

ಹಿಗ್ಗಿ ಹೀರೇಕಾಯಿಯಾದ ಅಣ್ಣ ಕಥೆಯನ್ನು ವಾರಪತ್ರಿಕೆಗೆ ಕಳಿಸಿದ. ಅದು ಹೋದ ದಾರಿಯಲ್ಲೇ ವಾಪಸು ಬಂತು. ಊರೆಲ್ಲ ಮೆಚ್ಚಿದ್ದು ಇವರಿಗೇಕೆ ಹಿಡಿಸಲಿಲ್ಲ ಎಂದು ಮನೆಯಲ್ಲಿ ಗೊಣಗಿದಾಗ, ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಡತಿ ತಲೆಯೆತ್ತಿದಳು.

“ಅಲ್ರೀ, ಕುತ್ತಿಗೆ ಮೇಲೆ ಕತ್ತಿ ಇಟ್ಟು ಕೇಳಿದ್ರೆ ಚೆನ್ನಾಗಿಲ್ಲ ಅಂತ ಯಾರಂತಾರೆ?”

ಹಾಗಾದರೆ ನೀನೇ ಹೇಳು ಎಂದ. ಮದುವೆಯ ಹೊಸತರಲ್ಲಿ ಮೀಸೆ ಒಪ್ಪುವುದಿಲ್ಲ ಎಂದದ್ದಕ್ಕೆ ಎರಡು ದಿನ ಮಾತು ಬಿಟ್ಟ ಗಂಡನ ಉಸಾಬರಿ ತನಗೆ ಬೇಡ ಎಂದಳು.

ಮರುದಿನದಿಂದ ಅಣ್ಣ ಕತ್ತಿ ಕೆಳಗಿಟ್ಟು ಅಭಿಪ್ರಾಯ ಕೇಳತೊಡಗಿದ. ಜನ ಇನ್ನೂ ಬೇಗ ಹೊಗಳಿ, ಇನ್ನೂ ಬೇಗ ಹೊರಟರು. ಕತ್ತಿ ಇಲ್ಲದಿದ್ದರೂ ದಾಕ್ಷಿಣ್ಯ ಇತ್ತಲ್ಲ.

ಬಾಯಿಬಿಟ್ಟು ಹೇಳದೆ ನಿಜ ತಿಳಿಸಿದವರು ರೈಲು ಓಡಿಸಿ ನಿವೃತ್ತರಾದ ಅಜ್ಜ. ಮೂರು ಸಲ ಹೇಳಿದರೂ ಮೂರನೇ ಪುಟದಲ್ಲಿ ಗೊರಕೆ. ಮೂರನೆಯ ಸಲ ನಡುವೆ ಎಚ್ಚರಾಗಿ, “ಸೂರ್ಯ ಹುಟ್ಟಿದ್ನೇನಪ್ಪಾ?” ಎಂದರು.

“ಹುಟ್ಟಿ ಆಯ್ತಲ್ಲ ಅಜ್ಜ. ಈಗ ಸೇತುವೆ ದಾಟ್ತಿದಾನೆ.”

“ಯಾರು, ಸೂರ್ಯನಾ?”

ಅಣ್ಣನಿಗೆ ಮೈಯೆಲ್ಲ ಉರಿಯಿತು. ಎರಡು ದಿನ ಯಾರಿಗೂ ಕಥೆ ಹೇಳಲಿಲ್ಲ. ಮೂರನೆಯ ದಿನ ಸಿಟ್ಟು ಇಳಿದು ಕುತೂಹಲ ಉಳಿಯಿತು. ಕಥೆ ಹೇಳುತ್ತಾ ಕನ್ನಡಿಯಲ್ಲಿ ಗಿರಾಕಿಗಳ ಮುಖ ನೋಡತೊಡಗಿದ. ಸೂರ್ಯೋದಯದ ವರ್ಣನೆ ಬಂದಾಗ ಗುಮಾಸ್ತರ ಕಣ್ಣು ಗಡಿಯಾರದ ಕಡೆ, ಮೇಷ್ಟ್ರ ಕಣ್ಣು ಕ್ಯಾಲೆಂಡರಿನ ಕಡೆ. ಸೇತುವೆಯ ಕೆಳಗೆ ಕಾವಲುಗಾರನಿಗೆ ಹೆಂಡತಿಯ ಒಂದೇ ಚಪ್ಪಲಿ ಸಿಕ್ಕಾಗ ಮಾತ್ರ ಇಬ್ಬರೂ ಕನ್ನಡಿಯಲ್ಲಿ ಅಣ್ಣನನ್ನೇ ದಿಟ್ಟಿಸಿದರು.

ಆ ಸೂರ್ಯೋದಯಕ್ಕಾಗಿ ಒಂದು ಬೇಸಗೆಯಿಡೀ ಬೆಳಗ್ಗೆ ಐದಕ್ಕೆ ಎದ್ದು ತಾರಸಿ ಹತ್ತಿದ್ದ. ಆ ನಾಲ್ಕೂ ಪುಟ ಹೊಡೆದುಹಾಕುವಾಗ ಸ್ವಂತ ಕಿವಿ ಕತ್ತರಿಸಿಕೊಂಡ ಹಾಗಾಯಿತು. ಈಗ ಕಥೆ ಚಪ್ಪಲಿಯಿಂದಲೇ ಶುರು.

ಅಜ್ಜ ಮತ್ತೆ ಬಂದಾಗ ನಿದ್ದೆ ಮಾಡಲಿಲ್ಲ. ಗಡ್ಡ ಮುಗಿಯಿತು, ಕಥೆ ಮುಗಿದಿರಲಿಲ್ಲ. ಹಿಂದೆ ಮೂವರು ಕಾಯುತ್ತಿದ್ದುದರಿಂದ ಅಣ್ಣ ಅಜ್ಜನನ್ನು ಕುರ್ಚಿಯಿಂದ ಏಳಿಸಿ ಕಳಿಸಿದ. ಮಾರನೆಯ ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆಯುವಷ್ಟರಲ್ಲಿ ಅಜ್ಜ ನಯವಾದ ಕೆನ್ನೆ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದರು.

“ನಿನ್ನೆ ತಾನೇ ಮಾಡಿದ್ನಲ್ಲ ಅಜ್ಜ.”

“ಗಡ್ಡ ಹಾಗಿರ್ಲಿ. ಅವಳು ಸಿಕ್ಕಿದ್ಲಾ, ಇಲ್ವಾ?”

ಅವತ್ತು ಅಂಗಡಿಯಲ್ಲಿ ಮೊದಲ ಕೂದಲು ನೆಲಕ್ಕೆ ಬೀಳುವಾಗ ಗಂಟೆ ಹತ್ತೂವರೆ.